ಅದೇ 4.2 ವೋಲ್ಟ್, ಹೊಸ ಕಾಯಿಲ್, ಬಾಯಿ ತುಂಬ ಸೀದ ವಾಸನೆ. ಯಾಕೆ?

ಲೆಸ್ಟರ್_ಹಾಸನದವ

ಎಲ್ಲರಿಗೂ ನಮಸ್ಕಾರ. ಬೈಯುವವರು ಕೊನೆಗೆ ಬೈಯಿರಿ, ಮೊದಲು ಪ್ರಶ್ನೆ ಓದಿ.

14 ವರ್ಷದಿಂದ ಸಿಗರೇಟು ಸೇದಿದವನು ನಾನು. ದಿನಕ್ಕೆ ಹತ್ತು, ಕೆಲಸ ಜಾಸ್ತಿ ಇದ್ದರೆ ಹದಿನೈದು. ಇಂಗ್ಲೆಂಡಿನ ಲೆಸ್ಟರ್‌ಗೆ ಬಂದ ಮೇಲೆ ಚಳಿಯಲ್ಲಿ ಹೊರಗೆ ನಿಂತು ಸೇದಿ ಸಾಕಾಗಿ, ಸೇದಿ ಬಿಸಾಡುವ ವೇಪ್‌ಗೆ, ಅಂದರೆ ಇ-ಸಿಗರೇಟಿಗೆ, ಬದಲಾದೆ. 2025ರ ಜೂನ್ 1ರಿಂದ ಇಲ್ಲಿ ಅದನ್ನು ಮಾರುವ ಹಾಗಿಲ್ಲ ಅಂತ ಆಯಿತಲ್ಲ, ಮತ್ತೆ ಪ್ಯಾಕೆಟ್ ಕಡೆ ಕೈ ಹೋಗಲು ಶುರುವಾಯಿತು. ಆಗ ಸ್ನೇಹಿತನೊಬ್ಬ ತನ್ನ ಹಳೇ ವೇಪ್ ಪೆನ್ ಕೊಟ್ಟ. ಕೆಳಗೆ ತಿರುಗಿಸುವ ಬಿರಡೆ ಇದೆ, 3.3ರಿಂದ 4.8 ವೋಲ್ಟ್ ತನಕ. "4.2ಕ್ಕೆ ಇಡು, ಮತ್ತೆ ಮುಟ್ಟಬೇಡ" ಅಂದ. ಮೂರು ವಾರ ಚೆನ್ನಾಗಿತ್ತು. ಒಂದು ಸಿಗರೇಟೂ ಮುಟ್ಟಿಲ್ಲ.

ಹೋದ ಶನಿವಾರ ರುಚಿ ಕೆಟ್ಟಿತು. ಕಾಯಿಲ್, ಅಂದರೆ ಹತ್ತಿ ಹೀರಿದ ಲಿಕ್ವಿಡ್ಡನ್ನು ಕಾಯಿಸಿ ಆವಿ ಮಾಡುವ ತಂತಿ, ಮುಗಿದಿದೆ ಅಂದುಕೊಂಡು ಅಂಗಡಿಗೆ ಹೋದೆ. ಹಳೇದರ ಮೇಲೆ 1.8 ಓಮ್ ಅಂತ ಇತ್ತು. ಅದು ಖಾಲಿ, ಇದೂ ಅದೇ ಟ್ಯಾಂಕಿಗೆ ಕೂರುತ್ತದೆ ಅಂತ 0.8 ಕೊಟ್ಟರು. ಕೂತಿತು. ಅದೇ 4.2. ಮೊದಲ ದಮ್ ಪರವಾಗಿಲ್ಲ. ಎರಡನೇದು ಎಳೆದಾಗ ಗಂಟಲಿಗೆ ಕೆಂಡ ಹಾಕಿದ ಹಾಗಾಯಿತು. ದೀಪಾವಳಿ ರಾತ್ರಿ ಎಣ್ಣೆ ಮುಗಿದ ಹಣತೆಯಲ್ಲಿ ಬತ್ತಿ ಒಂದೇ ಉರಿಯುತ್ತಿರುತ್ತದಲ್ಲ, ಸರಿಯಾಗಿ ಆ ವಾಸನೆ, ಬಾಯೊಳಗೆ. ಹತ್ತು ನಿಮಿಷ ಕೆಮ್ಮಿದೆ. ಹೆಂಡತಿ ನೀರು ತಂದುಕೊಟ್ಟು ಏನೂ ಹೇಳದೆ ನಿಂತಿದ್ದಳು, ಅದು ಇನ್ನೂ ಕಷ್ಟ.

ನನ್ನ ಲೆಕ್ಕ: 0.8 ಅಂದರೆ 1.8ಕ್ಕಿಂತ ಕಡಿಮೆ. ಕಡಿಮೆ ಅಂದರೆ ಕಡಿಮೆ ಬಿಸಿ ಆಗಬೇಕು. ಉಲ್ಟಾ ಯಾಕೆ ಆಯಿತು? ಕಾಯಿಲ್ ಡೂಪ್ಲಿಕೇಟಾ?

ಬೆಣ್ಣೆದೋಸೆ

ಎಣ್ಣೆ ಮುಗಿದ ಹಣತೆ! ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ ಗುರು. ಪ್ರಶ್ನೆಗೆ ಉತ್ತರ ಗೊತ್ತಿಲ್ಲ, ನೋಡೋಣ ಅಂತ ಕೂತಿದ್ದೇನೆ.

ಮೋಡಗಾರ

ಕಾಯಿಲ್ ಡೂಪ್ಲಿಕೇಟ್ ಅಲ್ಲ, ನಿಮ್ಮ ಲೆಕ್ಕ ಉಲ್ಟಾ. ಓಮ್ ಅಂದರೆ ಕರೆಂಟಿಗೆ ಇರುವ ಅಡ್ಡಿ, ರೆಸಿಸ್ಟೆನ್ಸ್. ವೋಲ್ಟ್ ಅಷ್ಟೇ ಇದ್ದಾಗ ಓಮ್ ಕಡಿಮೆ ಆದಷ್ಟೂ ಬಿಸಿ ಜಾಸ್ತಿ. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ, ಬಂದದ್ದನ್ನು ಓಮ್‌ನಿಂದ ಭಾಗಿಸಿ. ಅದು ವ್ಯಾಟ್.

4.2 ಗುಣಿಸು 4.2 ಅಂದರೆ 17.64.
ಹಳೇ ಕಾಯಿಲ್: 17.64 ಭಾಗಿಸು 1.8, ಸುಮಾರು 9.8 ವ್ಯಾಟ್.
ಹೊಸ ಕಾಯಿಲ್: 17.64 ಭಾಗಿಸು 0.8, ಸುಮಾರು 22 ವ್ಯಾಟ್.

ನೀವು ಬಿರಡೆ ಮುಟ್ಟಿಲ್ಲ, ಆದರೂ ಉರಿ ಎರಡು ಪಟ್ಟಿಗಿಂತ ಜಾಸ್ತಿ ಆಗಿದೆ. ಹೊಸ ಕಾಯಿಲ್‌ನ ಮೈಮೇಲೆ ಸಣ್ಣ ಅಕ್ಷರದಲ್ಲಿ ವ್ಯಾಟ್ ಕೆತ್ತಿರುತ್ತಾರೆ. ಓದಿ ಹೇಳಿ.

ಸುಮ್ನೆ_ಒಬ್ಬ

ಒಂದ್ನಿಮಿಷ. ಪಿಯುಸಿಯಲ್ಲಿ ಓದಿದ್ದು ಬೇರೆ ಇದೆ. ಬಿಸಿ ಅಂದರೆ ಕರೆಂಟಿನ ವರ್ಗ ಗುಣಿಸು ರೆಸಿಸ್ಟೆನ್ಸ್. ಅಂದರೆ ರೆಸಿಸ್ಟೆನ್ಸ್ ಜಾಸ್ತಿ ಆದರೆ ಬಿಸಿ ಜಾಸ್ತಿ. ಮೋಡಗಾರರೇ, ಯೂಟ್ಯೂಬ್ ನೋಡಿ ಸೂತ್ರ ಹೇಳಬೇಡಿ.

ಮೋಡಗಾರ

ಐದು ವರ್ಷ ಕೈಯಾರೆ ತಂತಿ ಸುತ್ತಿ ಕಾಯಿಲ್ ಮಾಡಿದ್ದೇನೆ ಸ್ವಾಮಿ. ಯೂಟ್ಯೂಬ್ ಅಂತೆ.

ಸುಮ್ನೆ_ಒಬ್ಬ

ಸುತ್ತಿದ್ದೀರಿ, ಸರಿ. ಸೂತ್ರ ತಪ್ಪಾ ಸರೀನಾ ಅದು ಹೇಳಿ.

ತಂತಿ_ಮೇಷ್ಟ್ರು

ಜಗಳ ಬೇಡ, ಇಬ್ಬರ ಸೂತ್ರವೂ ಸರಿ. ನಾನು ಬೀಡಿ ಸಿಗರೇಟು ಏನೂ ಮುಟ್ಟಿದವನಲ್ಲ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿಗೆ ಇಪ್ಪತ್ತೆಂಟು ವರ್ಷ ಪಾಠ ಹೇಳಿ, ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ಕಾಯಿಲ್ ಅನ್ನುವ ಪದ ಕಂಡು ಒಳಗೆ ಬಂದೆ.

ಸುಮ್ನೆ ಒಬ್ಬರೇ, ನೀವು ಹೇಳಿದ ಸೂತ್ರ ನಡೆಯುವುದು ಕರೆಂಟು ಎರಡರಲ್ಲೂ ಒಂದೇ ಇದ್ದಾಗ. ಈ ಪೆನ್ನಿನಲ್ಲಿ ಕರೆಂಟು ಒಂದೇ ಇಲ್ಲ. ಬಿರಡೆ ಹಿಡಿದಿಡುವುದು ವೋಲ್ಟನ್ನು. ವೋಲ್ಟ್ ಅಷ್ಟೇ ಇದ್ದು ಅಡ್ಡಿ ಕಡಿಮೆಯಾದರೆ ಕರೆಂಟು ನುಗ್ಗುತ್ತದೆ. ಕೆರೆಯಲ್ಲಿ ನೀರು ಅಷ್ಟೇ ಎತ್ತರ ನಿಂತಿದೆ, ನೀವು ತೂಬನ್ನು ಅಗಲ ಮಾಡಿದಿರಿ. ಗದ್ದೆಗೆ ಹರಿಯುವುದು ಜಾಸ್ತಿಯೋ ಕಡಿಮೆಯೋ? 1.8ರಲ್ಲಿ 2.3 ಆಂಪ್ ಹರಿಯುತ್ತಿತ್ತು. 0.8ರಲ್ಲಿ 5.25 ಆಂಪ್. ಕರೆಂಟು ವರ್ಗವಾಗಿ ಲೆಕ್ಕಕ್ಕೆ ಬರುವುದರಿಂದ, ಓಮ್ ಕಡಿಮೆಯಾದ ನಷ್ಟವನ್ನು ಅದು ನುಂಗಿ ಹಾಕುತ್ತದೆ. ನಿಮ್ಮ ಸೂತ್ರದಲ್ಲೇ ಹಾಕಿ ನೋಡಿ: 5.25 ಗುಣಿಸು 5.25 ಗುಣಿಸು 0.8. ಬಂದದ್ದು 22. ಮೋಡಗಾರರದ್ದೂ 22.

ಸುಮ್ನೆ_ಒಬ್ಬ

ಹಾಕಿ ನೋಡಿದೆ. 22.05. ಸರಿ ಮೇಷ್ಟ್ರೇ. ಬೆಂಚಿನ ಮೇಲೆ ನಿಲ್ಲುತ್ತೇನೆ.

ಬೆಣ್ಣೆದೋಸೆ

ಪಿಯುಸಿ ಮಾರ್ಕ್ಸ್ ಕಾರ್ಡೂ ಹಾಕಿ, ನೋಡೋಣ.

ಡಲ್ಲಾಸ್_ಗಿರಿ

ಮೇಷ್ಟ್ರು ಹೇಳಿದ್ದಕ್ಕೆ ನನ್ನದೊಂದು ಪುರಾವೆ ಇದೆ, ವೇಪ್ ಅಲ್ಲ. 2009ರಲ್ಲಿ ಅಮೆರಿಕಕ್ಕೆ ಓದಲು ಬರುವಾಗ ಅಮ್ಮ ಸೂಟ್‌ಕೇಸಿನಲ್ಲಿ ನೀರು ಕಾಯಿಸುವ ಕಾಯಿಲ್ ಇಟ್ಟಿದ್ದರು. 1500 ವ್ಯಾಟ್‌ದು. ಹಾಸ್ಟೆಲಿನಲ್ಲಿ ನಾಲ್ಕು ವರ್ಷ ನನಗೆ ಸ್ನಾನ ಮಾಡಿಸಿದ ಕಾಯಿಲ್. ಇಲ್ಲಿ ಪಿನ್ ಬದಲಾಯಿಸಿ ಬಕೆಟ್‌ಗೆ ಹಾಕಿದೆ. ಅರ್ಧ ಗಂಟೆ ಆದರೂ ನೀರು ಉಗುರುಬೆಚ್ಚಗೆ. ಕಾಯಿಲ್ ಹಾಳಾಗಿದೆ ಅಂತ ಬಿಸಾಡಿದೆ. ಆಮೇಲೆ ರೂಮ್‌ಮೇಟ್ ಹೇಳಿದ, ಇಲ್ಲಿ 120 ವೋಲ್ಟ್ ಕಣೋ ಅಂತ.

ತಂತಿ_ಮೇಷ್ಟ್ರು

ಗಿರಿ, ಬಹಳ ಒಳ್ಳೆಯ ಉದಾಹರಣೆ. 230 ವೋಲ್ಟ್‌ನಲ್ಲಿ 1500 ವ್ಯಾಟ್ ಅಂದರೆ ಆ ಕಾಯಿಲ್ ಸುಮಾರು 35 ಓಮ್. ಅದನ್ನೇ 120 ವೋಲ್ಟ್‌ಗೆ ಹಾಕಿದರೆ ಹೆಚ್ಚುಕಡಿಮೆ 410 ವ್ಯಾಟ್. ವೋಲ್ಟ್ ಅರ್ಧವಾಯಿತು, ಬಿಸಿ ಕಾಲು ಭಾಗಕ್ಕೆ ಇಳಿಯಿತು. ಕಾಯಿಲ್ ಹಾಳಾಗಿರಲಿಲ್ಲ. ಪಾಪ, ಸುಮ್ನೆ ಬಿಸಾಡಿದೆಯಪ್ಪ.

ಮತ್ತೆ ಯಾರೂ ಬಕೆಟ್ ಕಾಯಿಲ್ ಪಿನ್ ಕತ್ತರಿಸಿ ಈ ಥರ ಪ್ರಯೋಗ ಮಾಡಬೇಡಿ. ನೀರಿಗೆ ಬೆರಳು ಹಾಕಿ ಬಿಸಿ ನೋಡುವವರನ್ನು ಬಹಳ ನೋಡಿದ್ದೇನೆ.

ಲೆಸ್ಟರ್_ಹಾಸನದವ

ಅಯ್ಯೋ, ಇಷ್ಟು ಉತ್ತರ! ಕಾಯಿಲ್ ತೆಗೆದು ಮೊಬೈಲ್ ಟಾರ್ಚ್ ಹಾಕಿ ನೋಡಿದೆ. "12ರಿಂದ 16 ವ್ಯಾಟ್" ಅಂತ ಇದೆ. ಅಷ್ಟು ಸಣ್ಣಕ್ಷರ, ಸೊಳ್ಳೆಗೆ ಓದಲು ಬರೆದಿದ್ದಾರೆ.

ಅಂದರೆ 22 ಕೊಟ್ಟು ನಾನೇ ಸುಟ್ಟೆ. ಈಗ ಬಿರಡೆ ಎಷ್ಟಕ್ಕೆ ಇಡಬೇಕು?

ಮೋಡಗಾರ

ಉಲ್ಟಾ ಲೆಕ್ಕ ಹಾಕಿ. 14 ವ್ಯಾಟ್ ಬೇಕು. 14 ಗುಣಿಸು 0.8 ಅಂದರೆ 11.2. ಅದರ ವರ್ಗಮೂಲ 3.35. ಅಂದರೆ ನಿಮ್ಮ ಬಿರಡೆಯ ಅತಿ ಕೆಳಗಿನ ಗೆರೆ, 3.3. ಅಲ್ಲಿ 13.6 ವ್ಯಾಟ್ ಬರುತ್ತದೆ. ಅದಕ್ಕಿಂತ ಮೇಲೆ ಹೋಗುವುದೇ ಬೇಡ. 3.6ಕ್ಕೆ ಇಟ್ಟರೆ 16.2, ಆಗಲೇ ಗಡಿ ದಾಟಿತು.

ನೋಡಿ, "4.2 ಒಳ್ಳೆಯದು" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಯಾವ ಕಾಯಿಲ್‌ಗೆ ಅಂತ ಕೇಳಬೇಕು. ನಿಮ್ಮ ಸ್ನೇಹಿತ 1.8ಕ್ಕೆ ಹೇಳಿದ್ದು, ಅದು ಸರಿಯೇ ಇತ್ತು.

ಕುಡ್ಲದ_ಮೀನು

ಮಾರಾಯ್ರೆ, ಇಷ್ಟು ಗಣಿತ ಯಾಕೆ? ಈಗಿನ ವೇಪ್ ಮೆಷಿನ್‌ಗಳು ಕಾಯಿಲ್ ಹಾಕಿದ ತಕ್ಷಣ ಓಮ್ ತಾವೇ ಅಳೆಯುತ್ತವೆ. ನೀವು ವ್ಯಾಟ್ ಹೇಳಿದರೆ ಸಾಕು, ವೋಲ್ಟ್ ಎಷ್ಟು ಬೇಕೋ ಅದೇ ಹಾಕಿಕೊಳ್ಳುತ್ತದೆ. ವೋಲ್ಟ್ ಬಿರಡೆ ಕಾಲ ಮುಗಿಯಿತು. ಹೊಸದು ತೆಗೆದುಕೊಳ್ಳಿ.

ಮೋಡಗಾರ

ಮೀನು ಹೇಳಿದ್ದು ನಿಜ. ಆದರೆ ಆ ಮೆಷಿನ್ನಿಗೂ ಒಂದು ತಲೆನೋವು ಇದೆ. ಕಾಯಿಲ್ ಕೂರುವ ತಳದಲ್ಲಿ ಒಂದು ಹಿತ್ತಾಳೆ ಬಣ್ಣದ ಚುಕ್ಕೆ ಇರುತ್ತದೆ, ಕರೆಂಟು ಹೋಗುವ ಜಾಗ. ಅಲ್ಲಿ ಲಿಕ್ವಿಡ್ ಸೋರಿ ಅಂಟಾಗಿದ್ದರೆ, ಇಲ್ಲವೇ ಕಾಯಿಲ್ ಅರ್ಧ ಸುತ್ತು ಸಡಿಲ ಇದ್ದರೆ, 0.8 ಇರುವುದು 1.1 ಅಂತ ತೋರಿಸುತ್ತದೆ. ಒಂದು ದಮ್‌ಗೆ ಒಂದು ಅಂಕಿ, ಮುಂದಿನದಕ್ಕೆ ಇನ್ನೊಂದು. ಕೆಲವು ಸಲ "ಕಾಯಿಲ್ ಇಲ್ಲ" ಅಂತಲೇ ಹೇಳುತ್ತದೆ. ಎಷ್ಟೋ ಜನ ಆಗ ಮೆಷಿನ್ ಬಿಸಾಡುತ್ತಾರೆ. ಕಾಯಿಲ್ ಬಿಚ್ಚಿ, ಒಣ ಟಿಶ್ಯೂ ತಿರುಚಿ ಆ ಚುಕ್ಕೆ ಒರೆಸಿ, ಬಿಗಿಯಾಗಿ ಕೂರಿಸಿ. ಹತ್ತರಲ್ಲಿ ಎಂಟು ಸಲ ಅಷ್ಟೇ ತೊಂದರೆ. ತೀರಾ ಬಿಗಿ ಬೇಡ, ರಬ್ಬರ್ ಬಳೆ ಹರಿಯುತ್ತದೆ.

ಲೆಸ್ಟರ್_ಹಾಸನದವ

3.3ಕ್ಕೆ ಇಟ್ಟೆ. ಈಗ ಕೆಮ್ಮು ಇಲ್ಲ. ಆದರೆ ಸೀದ ರುಚಿ ಹೋಗಿಲ್ಲ. ಲಿಕ್ವಿಡ್ ಬದಲಾಯಿಸಿದೆ, ಟ್ಯಾಂಕ್ ತೊಳೆದೆ. ಊಹೂಂ.

ಬೆಣ್ಣೆದೋಸೆ

ತಳ ಹಿಡಿದ ಪಾಯಸಕ್ಕೆ ಎಷ್ಟು ಹಾಲು ಸುರಿದರೂ ಅಷ್ಟೇ.

ಮೋಡಗಾರ

ದೋಸೆ ಹೇಳಿದ್ದೇ ಸರಿ. ಒಮ್ಮೆ ಸುಟ್ಟ ಹತ್ತಿ ಮತ್ತೆ ಹತ್ತಿ ಆಗುವುದಿಲ್ಲ. ಆ ಕಾಯಿಲ್ ಬಿಸಾಡಿ. ಹೊಸದನ್ನು ಹಾಕುವ ಮುಂಚೆ ಇದಿಷ್ಟು ಮಾಡಿ: ಕಾಯಿಲ್‌ನ ಪಕ್ಕದಲ್ಲಿ ಸಣ್ಣ ಕಿಂಡಿಗಳಿವೆ, ಒಳಗೆ ಬಿಳಿ ಹತ್ತಿ ಕಾಣುತ್ತದೆ. ಒಂದೊಂದು ಕಿಂಡಿಗೆ ಒಂದೊಂದು ಹನಿ ಲಿಕ್ವಿಡ್ ಬಿಡಿ. ಹತ್ತಿ ಒದ್ದೆಯಾಗಿ ಬಣ್ಣ ಕಂದುತ್ತದೆ, ಅಷ್ಟು ಸಾಕು. ಆಮೇಲೆ ಟ್ಯಾಂಕ್ ತುಂಬಿ ಹತ್ತು ನಿಮಿಷ ಇಡಿ, ಗುಂಡಿ ಒತ್ತಬೇಡಿ. ಗುಂಡಿ ಒತ್ತದೆ ಎರಡು ಮೂರು ಸಲ ಸುಮ್ನೆ ಎಳೆಯಿರಿ, ಲಿಕ್ವಿಡ್ ಒಳಗೆ ಬರುತ್ತದೆ.

ನೀವು ಬಹುಶಃ ಹಾಕಿದ ತಕ್ಷಣ ಎಳೆದಿದ್ದೀರಿ. ಮೊದಲ ದಮ್‌ಗೆ ಇದ್ದ ಒದ್ದೆ ಖಾಲಿಯಾಯಿತು, ಎರಡನೆಯದಕ್ಕೆ ಒಣ ಬತ್ತಿ ಸುಟ್ಟಿತು. ನಿಮ್ಮ ಹಣತೆ ಕಥೆಯೇ. ಎಣ್ಣೆ ಬತ್ತಿ ಹತ್ತುವ ವೇಗಕ್ಕಿಂತ ಉರಿ ಜಾಸ್ತಿಯಾದರೆ ಬತ್ತಿ ತಾನೇ ಉರಿಯುತ್ತದೆ.

ಲೆಸ್ಟರ್_ಹಾಸನದವ

ಅಂಗಡಿಯಿಂದ ಹೊರಗೆ ಬಂದು ಬಸ್‌ಸ್ಟಾಪಿನಲ್ಲೇ ಹಾಕಿ ಎಳೆದೆ. ಹತ್ತು ನಿಮಿಷ ಅಲ್ಲ, ಹತ್ತು ಸೆಕೆಂಡೂ ಕಾಯಲಿಲ್ಲ.

ಕುಡ್ಲದ_ಮೀನು

ಲಿಕ್ವಿಡ್ ಯಾವುದು? ಬಾಟಲಿ ಮೇಲೆ 70/30 ಇದೆಯಾ 50/50 ಇದೆಯಾ?

ಲೆಸ್ಟರ್_ಹಾಸನದವ

70 ವಿಜಿ, 30 ಪಿಜಿ. ಏನು ವ್ಯತ್ಯಾಸ?

ಕುಡ್ಲದ_ಮೀನು

ಅದೂ ಒಂದು ಕಾರಣ ಇರಬಹುದು. ವಿಜಿ ಅಂದರೆ ಗ್ಲಿಸರಿನ್, ಜೋನಿಬೆಲ್ಲದ ಹಾಗೆ ಮಂದ. ಪಿಜಿ ಅಂದರೆ ಪ್ರೊಪಿಲೀನ್ ಗ್ಲೈಕಾಲ್, ತೆಳು. ಸಣ್ಣ ಕಿಂಡಿಯ ಕಾಯಿಲ್‌ಗೆ ಮಂದದ್ದು ಹಾಕಿದರೆ ಹತ್ತಿಗೆ ಬೇಗ ಇಳಿಯುವುದಿಲ್ಲ, ಚಳಿಗಾಲದಲ್ಲಿ ಇನ್ನೂ ನಿಧಾನ. 1 ಓಮ್‌ಗಿಂತ ಮೇಲಿನ ಕಾಯಿಲ್‌ಗೆ 50/50 ಹಾಕಿ. ನಿಮ್ಮ 0.8ಕ್ಕೂ ಅದೇ ಚೆಂದ. 70/30 ಬೇಕಾಗುವುದು ಅಗಲ ಕಿಂಡಿಯ, 0.2, 0.3 ಓಮ್‌ನ ದೊಡ್ಡ ಕಾಯಿಲ್‌ಗೆ. ಉಲ್ಟಾ ಮಾಡಿದರೆ, ಅಂದರೆ ದೊಡ್ಡ ಕಾಯಿಲ್‌ಗೆ ತೆಳು ಹಾಕಿದರೆ, ಪ್ಯಾಂಟ್ ಜೇಬಿಗೆ ಸೋರುತ್ತದೆ. ಬಿಳಿ ಪ್ಯಾಂಟ್ ಹಾಕಿದ ದಿನವೇ ಸೋರುತ್ತದೆ, ಅದು ಬೇರೆ.

ನೈಟ್‌ಡ್ಯೂಟಿ_ಅಕ್ಕ

ಇನ್ನೊಂದು ವಿಷಯ ಯಾರೂ ಕೇಳಲಿಲ್ಲ. ನಿಕೋಟಿನ್ ಎಷ್ಟು ಹಾಕುತ್ತಿದ್ದೀಯಪ್ಪ? ನಾನು ನರ್ಸ್. ಇಲ್ಲಿ ಬ್ರಿಟನ್ನಿನಲ್ಲಿ ಮಿಲಿಗೆ 20 ಮಿಲಿಗ್ರಾಂ ಮೇಲೆ ಮಾರುವ ಹಾಗಿಲ್ಲ. ಆದರೆ ಆ 20ನ್ನೇ ದೊಡ್ಡ ವ್ಯಾಟಿನ ಕಾಯಿಲ್‌ಗೆ ಹಾಕಿಕೊಂಡರೆ, ಒಂದು ದಮ್‌ಗೆ ಹೋಗುವ ಆವಿಯೇ ಎಷ್ಟೋ ಪಟ್ಟು. ತಲೆ ಸುತ್ತು, ಹೊಟ್ಟೆ ತೊಳಸು, ಎದೆ ಡವಡವ. ನಮ್ಮ ವಾರ್ಡಿನ ಹುಡುಗನೊಬ್ಬ ಹಾಗೆ ಮಾಡಿಕೊಂಡು ಬ್ರೇಕ್ ರೂಮಿನಲ್ಲಿ ಬೆವತು ಕೂತಿದ್ದ. ಹಾರ್ಟ್ ಅಟ್ಯಾಕ್ ಅಂತ ಅವನೇ ಹೆದರಿದ್ದ. ಓಮ್ ಕಡಿಮೆಯಾದರೆ ನಿಕೋಟಿನ್ ಕೂಡ ಕಡಿಮೆ ಮಾಡಬೇಕು. ದೊಡ್ಡ ಕಾಯಿಲ್‌ಗೆ 3, ಹೆಚ್ಚೆಂದರೆ 6.

ಲೆಸ್ಟರ್_ಹಾಸನದವ

12 ಹಾಕುತ್ತಿದ್ದೇನೆ ಅಕ್ಕ.

ನೈಟ್‌ಡ್ಯೂಟಿ_ಅಕ್ಕ

3.3 ವೋಲ್ಟ್‌ನಲ್ಲಿ, ಸಣ್ಣ ದಮ್ ಆದರೆ ಪರವಾಗಿಲ್ಲ. ತಲೆ ಹಗುರವಾದ ಹಾಗೆ ಅನಿಸಿದರೆ ನಿಲ್ಲಿಸು. ಮನೆಯಲ್ಲಿ ಮಗು ಇದ್ದರೆ ಬಾಟಲಿ ಮೇಲಿನ ಕಪಾಟಿನಲ್ಲಿರಲಿ. ಮಾವಿನಹಣ್ಣಿನ ವಾಸನೆ ಇದೆ ಅಂತ ಮಗು ಬಾಯಿಗೆ ಹಾಕಿಕೊಂಡರೆ ಅದು ವಿಷ. ಇದು ತಮಾಷೆ ಅಲ್ಲ.

ಸುಮ್ನೆ_ಒಬ್ಬ

ಎಲ್ಲ ಸರಿ, ಆದರೆ ಇದೇನು ಆರೋಗ್ಯದ ವಿಷಯ ಅನ್ನುವ ಹಾಗೆ ಪಾಠ ನಡೆಯುತ್ತಿದೆಯಲ್ಲ? ವೋಲ್ಟ್ ಏರಿಸಿದರೆ ಫಾರ್ಮಾಲ್ಡಿಹೈಡ್ ಬರುತ್ತದೆ ಅಂತ ದೊಡ್ಡ ಸುದ್ದಿ ಆಗಿತ್ತು. ಹೆಣ ಕೆಡದಂತೆ ಇಡಲು ಹಾಕುವ ದ್ರವದಲ್ಲಿ ಇರುವುದು ಅದೇ ಅಲ್ವಾ?

ಮೋಡಗಾರ

ಆ ಸುದ್ದಿಯಲ್ಲೇ ಈ ಎಳೆಯ ಪೂರ್ತಿ ಪಾಠ ಇದೆ. 2015ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಪತ್ರ ಅದು. ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ಯೂನಿವರ್ಸಿಟಿಯವರು ಒಂದೇ ಥರದ ಟ್ಯಾಂಕನ್ನು 3.3 ವೋಲ್ಟ್‌ನಲ್ಲೂ 5 ವೋಲ್ಟ್‌ನಲ್ಲೂ ಓಡಿಸಿದರು. 3.3ರಲ್ಲಿ ಫಾರ್ಮಾಲ್ಡಿಹೈಡ್ ಬಿಡುವ ವಸ್ತು ಸಿಗಲಿಲ್ಲ, 5ರಲ್ಲಿ ಸಿಕ್ಕಿತು. ಪೇಪರಿನವರು "ವೇಪ್‌ನಲ್ಲಿ ಸಿಗರೇಟಿಗಿಂತ ಜಾಸ್ತಿ ವಿಷ" ಅಂತ ಬರೆದರು. ಸೇದುವವರು ಕೇಳಿದ್ದು ಒಂದೇ ಮಾತು: ಆ ಕಾಯಿಲ್‌ಗೆ 5 ವೋಲ್ಟ್ ಕೊಟ್ಟು ಯಾವ ಮನುಷ್ಯ ಎಳೆಯುತ್ತಾನೆ? ಲ್ಯಾಬಿನ ಯಂತ್ರ ಎಳೆಯುತ್ತದೆ, ಅದಕ್ಕೆ ಗಂಟಲಿಲ್ಲ. ಮನುಷ್ಯ ಮೊದಲ ದಮ್‌ಗೇ ಉಗಿದು ಬಿಸಾಡುತ್ತಾನೆ, ನಮ್ಮ ಹಾಸನದವರು ಮಾಡಿದ ಹಾಗೆ. ಆಮೇಲೆ ಬೇರೆಯವರು ಸೇದುವವರ ಕೈಗೇ ಕೊಟ್ಟು ನೋಡಿ, ಫಾರ್ಮಾಲ್ಡಿಹೈಡ್ ಏರುವುದು ಒಣ ದಮ್‌ನಲ್ಲಿ ಅಂತ ತೋರಿಸಿದರು.

ಸುಮ್ನೆ_ಒಬ್ಬ

ಅಂದರೆ ಸೀಯದೆ ಇದ್ದರೆ ಅಮೃತ?

ಮೋಡಗಾರ

ಹಾಗಂತ ಯಾರು ಅಂದರು ಸ್ವಾಮಿ?

ನೈಟ್‌ಡ್ಯೂಟಿ_ಅಕ್ಕ

ಅಮೃತ ಅಲ್ಲ. ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುವುದು ಇಷ್ಟೇ: ಸಿಗರೇಟಿಗಿಂತ ಹಾನಿ ಬಹಳ ಕಡಿಮೆ, ಆದರೆ ಹಾನಿಯೇ ಇಲ್ಲ ಅಂತಲ್ಲ. ಸಿಗರೇಟು ಬಿಡಲು ಮೆಟ್ಟಿಲಾಗಿ ಬಳಸಿ. ಸೇದದವರು, ಮಕ್ಕಳು ಇದರ ಹತ್ತಿರ ಬರಬಾರದು. ತುಂಬ ವರ್ಷ ಎಳೆದರೆ ಏನಾಗುತ್ತದೆ ಅಂತ ಹೇಳಲು ಇದು ಇನ್ನೂ ಹೊಸದು. ಸೀದ ರುಚಿ ಬಂದ ಮೇಲೂ "ದುಡ್ಡು ಕೊಟ್ಟಿದ್ದೇನೆ" ಅಂತ ಎಳೆಯುತ್ತಲೇ ಇರುತ್ತಾರಲ್ಲ, ಅವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಾಯಿಲ್‌ನ ದುಡ್ಡು ಮುಖ್ಯವೋ ಪುಪ್ಪುಸವೋ?

ಬೆಣ್ಣೆದೋಸೆ

ಅಕ್ಕ, ಸೀದ ದೋಸೆಯನ್ನೂ ದುಡ್ಡು ಕೊಟ್ಟಿದ್ದೇನೆ ಅಂತಲೇ ತಿನ್ನುತ್ತೇವೆ. ನಮ್ಮ ರಕ್ತದಲ್ಲೇ ಇದೆ.

ತಂತಿ_ಮೇಷ್ಟ್ರು

ಒಂದು ಸಂಶಯ, ತಿಳಿದವರು ಹೇಳಿ. ಮೊಬೈಲ್ ಬ್ಯಾಟರಿಯ ಜಾತಿಯೇ ಇದರಲ್ಲೂ ಇರಬೇಕು, ಲಿಥಿಯಂ. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್, ಬಳಸುತ್ತ 3.7ರ ಸುತ್ತ ಬಂದು ಇನ್ನೂ ಇಳಿಯುತ್ತದೆ. ಹಾಗಾದರೆ ಬಿರಡೆಯಲ್ಲಿ 4.8 ಎಲ್ಲಿಂದ ಬರುತ್ತದೆ?

ಮೋಡಗಾರ

ಒಳಗೆ ಏರಿಸುವ ಒಂದು ಚಿಕ್ಕ ಸರ್ಕ್ಯೂಟ್ ಇರುತ್ತದೆ ಮೇಷ್ಟ್ರೇ. ತೀರಾ ಅಗ್ಗದ ಪೆನ್ನುಗಳಲ್ಲಿ ಅದೂ ಇರುವುದಿಲ್ಲ. ಬೆಳಿಗ್ಗೆ ಚಾರ್ಜರ್‌ನಿಂದ ತೆಗೆದಾಗ ಖಡಕ್, ಸಂಜೆ ಹೊತ್ತಿಗೆ ಸಪ್ಪೆ. 1.2 ಓಮ್ ಕಾಯಿಲ್ ಅಂದುಕೊಳ್ಳಿ: 4.2ರಲ್ಲಿ 14.7 ವ್ಯಾಟ್, 3.7ಕ್ಕೆ ಇಳಿದಾಗ 11.4. ಕಾಯಿಲ್ ಹಾಳಾಯಿತು ಅಂತ ಜನ ಬದಲಾಯಿಸುತ್ತಾರೆ. ಚಾರ್ಜ್ ಹಾಕಿದರೆ ಸಾಕಿತ್ತು.

ತಂತಿ_ಮೇಷ್ಟ್ರು

ಹಾಗಾದರೆ ಮುಖ್ಯ ಪ್ರಶ್ನೆ ಕೇಳುತ್ತೇನೆ. ಆ ಹಳೇ ಪೆನ್ನು 1.8 ಓಮ್ ಕಾಲದ್ದು. ಅದರ ಬ್ಯಾಟರಿ, ಒಳಗಿನ ತಂತಿ, ಎಲ್ಲ 2 ಆಂಪ್ ಸುತ್ತಮುತ್ತಲಿನ ಲೆಕ್ಕದಲ್ಲಿ ಮಾಡಿದ್ದರೆ? ಈಗ 3.3ಕ್ಕೆ ಇಳಿಸಿದರೂ 4.1 ಆಂಪ್ ಹರಿಯುತ್ತಿದೆ. ಶನಿವಾರ 4.2ರಲ್ಲಿ 5.25 ಹರಿದಿದೆ. ಪೆನ್ನು ಬಿಸಿಯಾಗುತ್ತಿದೆಯೇ?

ಲೆಸ್ಟರ್_ಹಾಸನದವ

ಮೇಷ್ಟ್ರೇ, ಈಗ ಹೇಳಿದ ಮೇಲೆ ನೆನಪಾಯಿತು. ಶನಿವಾರ ಕೆಳಭಾಗ ಕಾಫಿ ಲೋಟದಷ್ಟು ಬಿಸಿ ಇತ್ತು. ನನ್ನ ಕೈಬಿಸಿ ಅಂದುಕೊಂಡೆ.

ತಂತಿ_ಮೇಷ್ಟ್ರು

ಅಂಥ ಕೈಬಿಸಿ ಇದ್ದರೆ ಡಾಕ್ಟರ್ ಹತ್ತಿರ ಹೋಗಬೇಕಪ್ಪ. ಆ ಪೆನ್ನಿಗೆ 0.8 ಹಾಕಬೇಡ. ಪೆನ್ನಿನ ಮೈಮೇಲೋ ಡಬ್ಬಿ ಮೇಲೋ ಕನಿಷ್ಠ ಎಷ್ಟು ಓಮ್ ಅಂತ ಬರೆದಿರಬೇಕು. ಅದಕ್ಕಿಂತ ಕೆಳಗಿನ ಕಾಯಿಲ್ ಕೂರುತ್ತದೆ ಅನ್ನುವುದು ಬೇರೆ, ತಡೆಯುತ್ತದೆ ಅನ್ನುವುದು ಬೇರೆ. 5 ಆಂಪ್ ಪ್ಲಗ್ಗಿಗೆ ಗೀಸರ್ ಹಾಕಿದವರೂ ಇದನ್ನೇ ಹೇಳುತ್ತಿದ್ದರು, "ಕೂತಿತು ಸಾರ್" ಅಂತ.

ಮೋಡಗಾರ

ಮೇಷ್ಟ್ರು ಹಿಡಿದದ್ದು ನಾನು ಬಿಟ್ಟಿದ್ದೆ. 3.3ಕ್ಕೆ ಇಡಿ ಅಂದ ನನ್ನ ಮಾತು ಕಾಯಿಲ್‌ಗೆ ಸರಿ, ಬ್ಯಾಟರಿಗೆ ಅಲ್ಲ. ತಪ್ಪಾಯಿತು.

ಇನ್ನೊಂದು ಮಾತು. ಸರ್ಕ್ಯೂಟೇ ಇಲ್ಲದ ಬರೀ ಕೊಳವೆಯಂಥ ಮೆಷಿನ್ ಕೆಲವರು ಸ್ಟೈಲಿಗೆ ಇಟ್ಟುಕೊಳ್ಳುತ್ತಾರೆ. ಅದಕ್ಕೆ 0.15 ಓಮ್ ಕಾಯಿಲ್ ಹಾಕಿದರೆ ಪೂರ್ತಿ ಚಾರ್ಜಿನಲ್ಲಿ 28 ಆಂಪ್. ತಡೆಯುವವರು ಯಾರೂ ಇಲ್ಲ, ಬ್ಯಾಟರಿ ಒಂದೇ ದಿಕ್ಕು. ಹೊಸಬರು ಆ ಕಡೆ ತಲೆ ಹಾಕಬೇಡಿ. ಬಿಡಿ ಬ್ಯಾಟರಿಯನ್ನು ಚಾವಿ, ಚಿಲ್ಲರೆ ಇರುವ ಜೇಬಿಗೂ ಹಾಕಬೇಡಿ. ನನ್ನ ಜಾಕೆಟ್ಟಿನಲ್ಲಿ ಎರಡು ಪೌಂಡಿನ ನಾಣ್ಯದಷ್ಟು ಸುಟ್ಟ ತೂತು ಇದೆ. ಅದೃಷ್ಟ, ಆಗ ಜಾಕೆಟ್ ಕುರ್ಚಿ ಮೇಲಿತ್ತು.

ಜಯನಗರ_4ನೇ_ಬ್ಲಾಕ್

ಮಾಹಿತಿ ಸೂಪರ್. ಬೆಂಗಳೂರಲ್ಲಿ ಈ 0.8 ಕಾಯಿಲ್ ಎಲ್ಲಿ ಸಿಗುತ್ತದೆ? ಇನ್‌ಬಾಕ್ಸ್ ಮಾಡಿ.

ಕುಡ್ಲದ_ಮೀನು

ಯಾರೂ ಇನ್‌ಬಾಕ್ಸ್ ಮಾಡುವುದಿಲ್ಲ ಮಾರಾಯ್ರೆ. ಕರ್ನಾಟಕದಲ್ಲಿ 2016ರಲ್ಲೇ ನಿಲ್ಲಿಸಿದರು. ದೇಶಕ್ಕೆಲ್ಲ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಬಂತು, ಆಮೇಲೆ ಅದೇ ಕಾಯ್ದೆ ಆಯಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು, ಎಲ್ಲ ಬಂದ್. ಮಾರಿದವನಿಗೆ ಮೊದಲ ಸಲಕ್ಕೆ ಒಂದು ವರ್ಷದ ತನಕ ಜೈಲು ಇಲ್ಲವೇ 1 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ.

ಜಯನಗರ_4ನೇ_ಬ್ಲಾಕ್

ಆದರೆ ಪಾನ್ ಅಂಗಡಿಯಲ್ಲಿ ಕದ್ದು ಮಾರುತ್ತಾರಲ್ಲ?

ತಂತಿ_ಮೇಷ್ಟ್ರು

ಕದ್ದು ಮಾರುವವನು ಒಳಗೆ ಏನು ತುಂಬಿದ್ದಾನೆ, ಯಾವ ತಂತಿ ಹಾಕಿದ್ದಾನೆ ಅಂತ ಬಿಲ್ಲಿನಲ್ಲಿ ಬರೆದುಕೊಡುತ್ತಾನೆಯೇ ತಮ್ಮಾ?

ಸುಮ್ನೆ_ಒಬ್ಬ

ನನಗೆ ಅರ್ಥವಾಗದ ವಿಷಯ ಇದೇ. ಸಿಗರೇಟು, ಬೀಡಿ ಮೂಲೆಮೂಲೆಯಲ್ಲಿ ಸಿಗುತ್ತದೆ. ಬಿಡಲು ನೋಡುವವನಿಗೆ ಇದು ಇಲ್ಲ. ಇದ್ಯಾವ ನ್ಯಾಯ?

ನೈಟ್‌ಡ್ಯೂಟಿ_ಅಕ್ಕ

ಸ್ಕೂಲ್ ಹುಡುಗರ ಬ್ಯಾಗಿನಲ್ಲಿ ಪೆನ್ಸಿಲ್ ಬಾಕ್ಸ್ ಜೊತೆ ಇದು ಸಿಗುವುದನ್ನು ನಾನು ಇಲ್ಲಿ ನೋಡುತ್ತಿದ್ದೇನೆ. ಅದನ್ನು ನೋಡಿದ ದಿನ ಊರಿನ ಕಾಯ್ದೆಯೇ ಸರಿ ಅನಿಸುತ್ತದೆ. ನಲವತ್ತು ವರ್ಷ ಸೇದಿದ ಅಜ್ಜ ವೇಪ್ ಹಿಡಿದು ಸಿಗರೇಟು ಬಿಟ್ಟು, ಮೆಟ್ಟಿಲು ಹತ್ತಿ ಬಂದು "ನೋಡು ಸಿಸ್ಟರ್" ಅಂದ ದಿನ ಇಲ್ಲಿಯ ಪದ್ಧತಿ ಸರಿ ಅನಿಸುತ್ತದೆ. ವಾರಕ್ಕೆ ಎರಡು ಸಲ ಮನಸ್ಸು ಬದಲಾಗುತ್ತದೆ.

ಲೆಸ್ಟರ್_ಹಾಸನದವ

ವಿಷಯ ಎಲ್ಲಿಗೋ ಹೋಯಿತು, ಪರವಾಗಿಲ್ಲ. ಇವತ್ತಿನ ವರದಿ:

ಬೇರೆ ಅಂಗಡಿಗೆ ಹೋದೆ. ಹಳೇ ಪೆನ್ ತೋರಿಸಿದೆ. ಅಲ್ಲಿನ ಹುಡುಗಿ ಅದನ್ನು ತಿರುಗಿಸಿ ನೋಡಿ, ಮ್ಯೂಸಿಯಂಗೆ ಕೊಡಿ ಅಂದಳು. ವ್ಯಾಟ್ ತೋರಿಸುವ ಒಂದು ಚಿಕ್ಕ ಮೆಷಿನ್ ತಗೊಂಡೆ. ಪೆಟ್ಟಿಗೆಯಲ್ಲಿ ಎರಡು ಕಾಯಿಲ್: 0.8 ಒಂದು, 1.2 ಒಂದು. 1.2 ಹಾಕಿದೆ, ಅದರ ಮೇಲೆ 10ರಿಂದ 12 ವ್ಯಾಟ್ ಅಂತ ಇತ್ತು. 50/50 ಲಿಕ್ವಿಡ್. ಕಿಂಡಿಗೆ ಹನಿ ಬಿಟ್ಟು, ಟ್ಯಾಂಕ್ ತುಂಬಿ, ಮೈಕ್ರೋವೇವ್ ಟೈಮರ್ ಹತ್ತು ನಿಮಿಷಕ್ಕೆ ಇಟ್ಟು ಕೂತೆ. ಜೀವನದಲ್ಲಿ ಅಷ್ಟು ಉದ್ದದ ಹತ್ತು ನಿಮಿಷ ನೋಡಿಲ್ಲ. 10 ವ್ಯಾಟ್‌ಗೆ ಇಟ್ಟು ಎಳೆದೆ. ಸಪ್ಪೆ. 10.5. ಪರವಾಗಿಲ್ಲ. 11ಕ್ಕೆ ಸರಿಯಾಯಿತು. ಪರದೆಯಲ್ಲಿ ವೋಲ್ಟ್ ಎಷ್ಟು ತೋರಿಸಿತು ಗೊತ್ತಾ? 3.63. ನಾನೇ ಪೇಪರಿನಲ್ಲಿ ಲೆಕ್ಕ ಹಾಕಿ ನೋಡಿದೆ, 11 ಗುಣಿಸು 1.2, ವರ್ಗಮೂಲ 3.63. ಹೆಂಡತಿಗೆ ತೋರಿಸಿದೆ. "ಸಿಗರೇಟು ಬಿಡು ಅಂದರೆ ಎಸ್ಸೆಸ್ಸೆಲ್ಸಿ ಓದುತ್ತಿದ್ದೀಯಾ" ಅಂದಳು.

ತಂತಿ_ಮೇಷ್ಟ್ರು

ಪಾಸು.

ಮೋಡಗಾರ

ಕಡಿಮೆಯಿಂದ ಶುರು ಮಾಡಿ ಅರ್ಧರ್ಧ ವ್ಯಾಟ್ ಏರಿಸಿದ್ದು, ಅದೇ ಸರಿಯಾದ ರೀತಿ. ಆ 0.8 ಹಾಕುವ ದಿನ ವ್ಯಾಟ್ ನೋಡಿ ಬದಲಾಯಿಸಿಕೊಳ್ಳಿ. ಮುಖ್ಯವಾಗಿ ವಾಪಸ್ 1.2ಕ್ಕೆ ಬರುವಾಗ. 15 ವ್ಯಾಟ್‌ನಲ್ಲೇ ಬಿಟ್ಟು 1.2 ಹಾಕಿ ಸುಟ್ಟವರು ಲೆಕ್ಕವಿಲ್ಲ. ನಾನೂ ಒಬ್ಬ.

ಡಲ್ಲಾಸ್_ಗಿರಿ

ಲಿಕ್ವಿಡ್ಡಿಗೂ ಅಲ್ಲಿ ತೆರಿಗೆ ಬರುತ್ತದಂತೆ ಹೌದಾ?

ಕುಡ್ಲದ_ಮೀನು

ಹೌದು, 2026ರ ಅಕ್ಟೋಬರ್ 1ರಿಂದ 10 ಮಿಲಿಗೆ 2 ಪೌಂಡ್ 20 ಪೆನ್ಸ್ ಸುಂಕ. ಬಿಡಲು ಇನ್ನೊಂದು ಕಾರಣ ಸಿಕ್ಕಿತು ಅಂದುಕೊಳ್ಳಿ.

ಲೆಸ್ಟರ್_ಹಾಸನದವ

ಕೊನೆಯ ಪ್ರಶ್ನೆ. ಡಿಸೆಂಬರ್‌ನಲ್ಲಿ ತಂಗಿ ಮದುವೆ, ಹಾಸನಕ್ಕೆ ಹೋಗಬೇಕು. ಮೆಷಿನ್ ತಗೊಂಡು ಹೋಗಬಹುದಾ? ಸಿಂಗಪುರದ ಮೇಲೆ ಟಿಕೆಟ್ ಅಗ್ಗ ಇದೆ.

ಮೋಡಗಾರ

ಲಂಡನ್ನಿಂದ ಬೆಂಗಳೂರಿಗೆ ಸಿಂಗಪುರದ ಮೇಲೆ? ಮೈಸೂರಿಗೆ ಹೋಗಲು ಮದ್ರಾಸ್ ಸುತ್ತಿದ ಹಾಗಾಯಿತು. ಸಿಂಗಪುರದಲ್ಲಿ ಜೇಬಿನಲ್ಲಿ ಇಟ್ಟುಕೊಂಡರೂ ದಂಡ. ಇಂಡಿಯಾಕ್ಕೂ ತರುವ ಹಾಗಿಲ್ಲ. ಮನೆಯಲ್ಲೇ ಬಿಟ್ಟು ಹೋಗಿ.

ನೈಟ್‌ಡ್ಯೂಟಿ_ಅಕ್ಕ

ಫಾರ್ಮಸಿಯಲ್ಲಿ ನಿಕೋಟಿನ್ ಪ್ಯಾಚ್ ಅಥವಾ ಗಮ್ ಕೇಳಿ ತಗೊಂಡು ಹೋಗು. ಗಮ್ ಅನ್ನು ಚೂಯಿಂಗ್ ಗಮ್ ಥರ ಜಗಿಯಬಾರದು. ಎರಡು ಮೂರು ಸಲ ಜಗಿದು, ಚುರುಗುಟ್ಟಿದಾಗ ಕೆನ್ನೆಯ ಪಕ್ಕ ಇಟ್ಟುಕೊಳ್ಳಬೇಕು. ನಮ್ಮವರಿಗೆ ಎಲೆಅಡಿಕೆ ಇಟ್ಟುಕೊಳ್ಳುವ ಹಾಗೆ ಅಂದರೆ ತಕ್ಷಣ ಗೊತ್ತಾಗುತ್ತದೆ.

ಲೆಸ್ಟರ್_ಹಾಸನದವ

ಮದುವೆ ಮನೆ, ಮಾವಂದಿರೆಲ್ಲ ಚಪ್ಪರದ ಹಿಂದೆ ನಿಂತು ಸೇದುತ್ತಿರುತ್ತಾರೆ. ಅಲ್ಲಿ ಗಮ್ ಇಟ್ಟುಕೊಂಡು ನಿಲ್ಲಬೇಕಾ ಅಕ್ಕ?

ಬೆಣ್ಣೆದೋಸೆ

ಅಲ್ಲಿ ನಿಲ್ಲಬೇಡ ಗುರು. ಅಡುಗೆ ಭಟ್ಟರ ಹತ್ತಿರ ನಿಲ್ಲು. ಪಾಯಸ ತಳ ಹಿಡಿಯದ ಹಾಗೆ ಉರಿ ನೋಡಿಕೊಳ್ಳುವ ಕೆಲಸ ನಿನಗೇ ಕೊಡಲಿ.